ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ: ಮದ್ರಾಸ್ ಸರ್ಕಾರಕ್ಕೆ ಬಂದ ಒಂದು ಪತ್ರ ಮತ್ತು ಕರ್ನಲ್ ಬೆಡ್ಡೋಮ್ ಬದುಕು

ಚೆನ್ನೈ: ಅಡ್ಯಾರ್ ನದಿಯ ದಂಡೆ, ಪಳ್ಳಿಕರಣೈ ಜೌಗು, ಗಿಂಡಿ ಉದ್ಯಾನದಲ್ಲಿ ಕೃಷ್ಣಮೃಗಗಳು ಮೇಯುವ ಬಯಲು. ಚೆನ್ನೈ ಮಹಾನಗರದೊಳಗೆ ಅಷ್ಟಿಷ್ಟು ಹಸಿರು ಉಳಿದಿರುವ ಈ ಜಾಗಗಳಿಗೆಲ್ಲ ಒಂದು ಮುಳ್ಳಿನ ಮರ ನುಗ್ಗಿದೆ. ಅದನ್ನು ಕಿತ್ತು ಹಾಕಲು ಅರಣ್ಯ ಇಲಾಖೆ, ಪಾಲಿಕೆ, ಕೋರ್ಟು ಎಲ್ಲವೂ ಬೆವರು ಹರಿಸಿವೆ. ಕಿತ್ತಷ್ಟೂ ಅದು ಮತ್ತೆ ಚಿಗುರುತ್ತದೆ. ತಮಿಳರು ಇದನ್ನು ಸೀಮೈ ಕರುವೇಲಂ ಎನ್ನುತ್ತಾರೆ, ಅಂದರೆ ಸೀಮೆಯಿಂದ ಬಂದ ಕರಿಜಾಲಿ. ಹಿಂದಿಯಲ್ಲಿ ವಿಲಾಯತಿ ಬಬೂಲ್. ಗುಜರಾತಿಗಳು ಗಾಂಡೋ ಬಾವಳ್, ಹುಚ್ಚು ಜಾಲಿ ಎಂದು ಕರೆದು ಸಿಟ್ಟು ತೀರಿಸಿಕೊಂಡಿದ್ದಾರೆ.

ಕನ್ನಡಿಗರು ಮಾತ್ರ ಇದಕ್ಕೆ ನಮ್ಮದೇ ಊರಿನ ಹೆಸರಿಟ್ಟು ಬಳ್ಳಾರಿ ಜಾಲಿ ಮಾಡಿಬಿಟ್ಟಿದ್ದೇವೆ. ಮೂಲದಲ್ಲಿ ಈ ಮರಕ್ಕೂ ಬಳ್ಳಾರಿಗೂ ಸಂಬಂಧವೇ ಇಲ್ಲ. ಇದರ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರದ ಕರಾವಳಿ. ತಮಿಳುನಾಡಿನ ಹಳ್ಳಿಕಟ್ಟೆಗಳಲ್ಲಿ ಇದನ್ನು ತರಿಸಿದ್ದು ಕಾಮರಾಜರ ಸರ್ಕಾರ ಎಂಬ ಮಾತು ಈಗಲೂ ಕೇಳಿಬರುತ್ತದೆ. ಆದರೆ ಕಾಮರಾಜರು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಈ ಮರ ದಕ್ಷಿಣ ಭಾರತದಲ್ಲಿ ಬೇರೂರಿತ್ತು.

ಅದಕ್ಕೆ ಕಾರಣ 1876ರಲ್ಲಿ ಮದ್ರಾಸ್ ಸರ್ಕಾರದ ಕಂದಾಯ ಇಲಾಖೆಯ ಕಾರ್ಯದರ್ಶಿಗೆ ಹೋದ ಒಂದು ಪತ್ರ. ಬರೆದವರು ಲೆಫ್ಟಿನೆಂಟ್ ಕರ್ನಲ್ ರಿಚರ್ಡ್ ಹೆನ್ರಿ ಬೆಡ್ಡೋಮ್. ವಿಚಿತ್ರ ಏನೆಂದರೆ, ಮರಗಳ ಬಗ್ಗೆ ಏನೂ ತಿಳಿಯದ ಅಧಿಕಾರಿ ಇವರಾಗಿರಲಿಲ್ಲ. ಆ ಕಾಲದಲ್ಲಿ ದಕ್ಷಿಣ ಭಾರತದ ಮರಗಳನ್ನು ಇವರಷ್ಟು ಹತ್ತಿರದಿಂದ ಬಲ್ಲವರು ಬೆರಳೆಣಿಕೆಯಷ್ಟೂ ಇರಲಿಲ್ಲ.

ವಕೀಲಿಕೆ ಬಿಟ್ಟು ಬಂದ ಹುಡುಗ

ಬೆಡ್ಡೋಮ್ ಹುಟ್ಟಿದ್ದು 1830ರ ಮೇ 11ರಂದು, ಲಂಡನ್ನಿನ ಕ್ಲಾಪಮ್‌ನಲ್ಲಿ. ತಂದೆ ಸಾಲಿಸಿಟರ್. ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿದ ಹಿರಿಮಗ ತಂದೆಯ ಹಾದಿಯಲ್ಲೇ ಕಾನೂನು ಓದಬೇಕು ಎಂಬುದು ಮನೆಯ ಲೆಕ್ಕಾಚಾರ. ಹುಡುಗನಿಗೆ ಅದು ರುಚಿಸಲಿಲ್ಲ. 18ನೇ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿ, 1848ರಲ್ಲಿ 42ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಅಧಿಕಾರಿಯಾದರು. ಜಬಲ್ಪುರದಲ್ಲಿ ಕೆಲವು ವರ್ಷ, ಆಮೇಲೆ ಸಿಕಂದರಾಬಾದಿನಲ್ಲಿ ಕ್ವಾರ್ಟರ್ ಮಾಸ್ಟರ್ ಮತ್ತು ದುಭಾಷಿ ಕೆಲಸ.

ಸೇನೆಯ ಕವಾಯತಿಗಿಂತ ಸುತ್ತಲಿನ ಗಿಡ, ಹಾವು, ಹಲ್ಲಿಗಳ ಮೇಲೆಯೇ ಇವರ ಕಣ್ಣು. ಈ ಹುಚ್ಚು ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂತು. 1856ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಅರಣ್ಯ ಇಲಾಖೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಡಾ. ಹ್ಯೂ ಕ್ಲೆಗಾರ್ನ್. ಮದ್ರಾಸಿನಲ್ಲೇ ಹುಟ್ಟಿದ ಈ ವೈದ್ಯರಿಗೂ ಕರ್ನಾಟಕದ ನಂಟಿದೆ. ಮೈಸೂರು ಸೇವೆಯಲ್ಲಿ ಶಿವಮೊಗ್ಗದಲ್ಲಿದ್ದಾಗಲೇ ಅವರಿಗೆ ಸಸ್ಯಶಾಸ್ತ್ರದ ಗೀಳು ಹತ್ತಿದ್ದು, ಸ್ಥಳೀಯ ಕಲಾವಿದರಿಂದ ಗಿಡಗಳ ಚಿತ್ರ ಬರೆಸಲು ಆರಂಭಿಸಿದ್ದು. ಹೊಸ ಇಲಾಖೆಗೆ ಕಾಡು ಸುತ್ತಬಲ್ಲ ಸಹಾಯಕರು ಬೇಕಿದ್ದರು. ಬೆಡ್ಡೋಮ್ ಆ ಹುದ್ದೆಗೆ ಬಂದರು, ಮುಂದೆ ಕ್ಲೆಗಾರ್ನ್ ನಂತರ ಇಲಾಖೆಯ ಚುಕ್ಕಾಣಿಯನ್ನೂ ಹಿಡಿದರು. 1882ರಲ್ಲಿ ನಿವೃತ್ತರಾಗುವ ತನಕ ಅರಣ್ಯವೇ ಅವರ ಕಚೇರಿ.

ಆನೆಮಲೆ, ನೀಲಗಿರಿ, ವಯನಾಡು, ಅಂದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಪೂರ್ವಘಟ್ಟಗಳು. ಹೋದಲ್ಲೆಲ್ಲ ಏನಾದರೊಂದು ಹೊಸದು ಇವರ ಕಣ್ಣಿಗೆ ಬೀಳುತ್ತಿತ್ತು. ಮಣ್ಣಿನೊಳಗೆ ಹುದುಗಿ ಬದುಕುವ ಚಿಕ್ಕ ಹಾವುಗಳಲ್ಲಿ ಹಲವು ಜಾತಿಗಳನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಇವರೇ. ತಿರುಪತಿ ಬೆಟ್ಟದ ಬಂಗಾರದ ಬಣ್ಣದ ಹಲ್ಲಿಯ ಕಥೆ ಕೇಳಿದವರು ಇದ್ದಾರೆ, ತೆಲುಗಿನಲ್ಲಿ ಬಂಗಾರು ಬಲ್ಲಿ. 1870ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟವರೂ ಬೆಡ್ಡೋಮ್. ಒಡಿಶಾದ ಜೈಪುರ ಬೆಟ್ಟಗಳಲ್ಲಿ ಅವರು ಕಂಡು ದಾಖಲಿಸಿದ ಇನ್ನೊಂದು ಹಲ್ಲಿ, ಮತ್ತೆ ಯಾರ ಕಣ್ಣಿಗೂ ಬೀಳದೆ ಸುಮಾರು 135 ವರ್ಷ ಕಳೆಯಿತು. ಅಳಿದೇ ಹೋಯಿತು ಎಂದುಕೊಂಡಿದ್ದ ಅದು ಇತ್ತೀಚಿನ ದಶಕದಲ್ಲಷ್ಟೇ ಮತ್ತೆ ಸಿಕ್ಕಿದೆ.

ಗೋವಿಂದು ಬರೆದ ಚಿತ್ರಗಳು

ಆದರೆ ಅವರ ದೊಡ್ಡ ಕೆಲಸ ಮರಗಳದ್ದು. 1869ರಿಂದ 1874ರವರೆಗೆ ಬಿಡಿಬಿಡಿ ಭಾಗಗಳಾಗಿ ಮದ್ರಾಸಿನ ಗ್ಯಾಂಟ್ಜ್ ಬ್ರದರ್ಸ್ ಮುದ್ರಣಾಲಯದಿಂದ ಫ್ಲೋರಾ ಸಿಲ್ವಾಟಿಕಾ ಹೊರಬಂತು. ದಕ್ಷಿಣ ಭಾರತದ ಮುಖ್ಯ ಮರಗಳ ಸಚಿತ್ರ ಗ್ರಂಥ. ಚಿತ್ರಪುಟಗಳೇ 330. ಅವುಗಳಲ್ಲಿ ಹಲವನ್ನು ಬರೆದದ್ದು ಗೋವಿಂದು ಎಂಬ ಭಾರತೀಯ ಕಲಾವಿದ. ಇದಕ್ಕೂ ಮೊದಲು ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನ ಪುಸ್ತಕಗಳಿಗೆ ದುಡಿದಿದ್ದ ಗೋವಿಂದು ಹೆಸರನ್ನು ವೈಟ್ ಒಂದು ಆರ್ಕಿಡ್ ಗಿಡಕ್ಕೇ ಇಟ್ಟಿದ್ದರು. ಸಾಹೇಬರ ಪುಸ್ತಕಗಳಲ್ಲಿ ಮೂಲೆಯ ಸಹಿಯಾಗಿ ಉಳಿದುಹೋಗುತ್ತಿದ್ದ ಕಲಾವಿದರ ನಡುವೆ ಇಷ್ಟಾದರೂ ಗೌರವ ಸಿಕ್ಕಿದ್ದು ಅಪರೂಪ.

ಈ ಗ್ರಂಥದಲ್ಲಿ ತೇಗ, ಬೀಟೆಯಷ್ಟೇ ಇಲ್ಲ. ಬಯಲುಸೀಮೆಯ ಮರಗಳೂ ಇವೆ. ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆಯವರು ಕಮರ ಎಂದು ಕರೆಯುವ ಮರ ಇದೆ. ಅದರ ಕಟ್ಟಿಗೆ ಭಾರತದ ಅತಿ ಭಾರದ ಕಟ್ಟಿಗೆಗಳಲ್ಲಿ ಒಂದು, ತೊಗಟೆಯ ನಾರು ಹಗ್ಗಕ್ಕೆ, ಸೊಪ್ಪು ದನಕ್ಕೆ. ಕರಿಜಾಲಿ ಇದೆ, ಬಿಳಿಜಾಲಿ ಇದೆ. ಇವೆಲ್ಲ ದ್ವಿದಳ ಕುಟುಂಬದ ಮರಗಳು, ತೊಗರಿ, ಹುರುಳಿಗೆ ದೂರದ ನೆಂಟರು. ಬನ್ನಿ, ತುಗ್ಗಲಿ, ಬಾಗೆಯೂ ಇದೇ ಬಳಗಕ್ಕೆ ಸೇರಿದವು. ಬೇಸಿಗೆಯಲ್ಲಿ ಹುಲ್ಲು ಸುಟ್ಟು ಹೋದಾಗ ಕುರಿಗಾಹಿಗೆ ಇವೇ ಆಸರೆ. ಏಪ್ರಿಲ್-ಮೇ ಹೊತ್ತಿಗೆ ಜಾಲಿಕಾಯಿ ಹಣ್ಣಾಗಿ ಉದುರುತ್ತದೆ, ಆಡುಗಳು ಮರದಡಿಯಲ್ಲೇ ಮಧ್ಯಾಹ್ನ ಕಳೆಯುತ್ತವೆ. ದೋಟಿಗೆ ಕುಡುಗೋಲು ಕಟ್ಟಿ ಸೊಪ್ಪು ಇಳಿಸಿದರೆ ಒಂದು ಮಂದೆಗೆ ಅಂದಿನ ಊಟ.

ತುಗ್ಗಲಿ ಅಂದರೆ ಯಾವುದು ಎಂದು ತಲೆ ಕೆರೆದುಕೊಳ್ಳುವ ಚೆನ್ನೈ ಕನ್ನಡಿಗರು ಅಂಗಡಿಯಲ್ಲಿ ಅರಪ್ಪು ಪುಡಿ ಕೇಳಿ ನೋಡಿ. ತಲೆ ತೊಳೆಯಲು ಕೊಡುವ ಆ ಹಸಿರು ಪುಡಿ ಇದೇ ಮರದ ಎಲೆ.

ಹೀಗೆ ಒಣನಾಡಿನ ಸ್ವಂತ ಮರಗಳನ್ನು ಪುಟಪುಟವಾಗಿ ದಾಖಲಿಸಿ ಮುಗಿಸಿದ ಎರಡೇ ವರ್ಷಕ್ಕೆ, ಅದೇ ಬೆಡ್ಡೋಮ್ ಅದೇ ಒಣನಾಡಿಗೆ ಹೊರಗಿನ ಮರ ಬೇಕೆಂದು ಪತ್ರ ಬರೆದರು.

ರೈಲಿಗೆ ಸೌದೆ, ಊರಿಗೆ ಬರ

ಯಾಕೆ? ಉತ್ತರ ರಾಯಪುರಂ ಸ್ಟೇಷನ್ನಿನಿಂದ ಶುರುವಾಗುತ್ತದೆ. 1856ರ ಜುಲೈನಲ್ಲಿ ಇಲ್ಲಿಂದ ವಾಲಾಜಾ ರೋಡ್ ಕಡೆಗೆ ದಕ್ಷಿಣದ ಮೊದಲ ಪ್ರಯಾಣಿಕ ರೈಲು ಹೊರಟಿತು. ಮದ್ರಾಸಿನ ಹತ್ತಿರ ಕಲ್ಲಿದ್ದಲು ಗಣಿ ಇರಲಿಲ್ಲ. ಎಂಜಿನ್‌ಗಳ ಒಲೆಗೆ ಸೌದೆಯೇ ಬೇಕು. ಹಳಿ ಮುಂದುವರಿದಂತೆ ಇಕ್ಕೆಲದ ಕುರುಚಲು ಕಾಡು ಬೋಳಾಗುತ್ತ ಹೋಯಿತು. ಅರಕ್ಕೋಣಂನಿಂದ ಕಡಪ, ಗುಂತಕಲ್, ಆದವಾನಿ ದಾಟಿ ರಾಯಚೂರು ಮುಟ್ಟುವ ಮಾರ್ಗ 1871ರಲ್ಲಿ ಪೂರ್ತಿಯಾದಾಗ, ಮಳೆಯೇ ಕಡಿಮೆ ಇರುವ ಸೀಮೆಯ ಎದೆ ಸೀಳಿಕೊಂಡು ಹಳಿ ಹಾದಿತ್ತು. ಅರಣ್ಯ ಇಲಾಖೆ ಹುಟ್ಟಿದ್ದಕ್ಕೆ ಕಾಡಿನ ಮೇಲಿನ ಪ್ರೀತಿ ಎಷ್ಟು ಕಾರಣವೋ, ಹಡಗಿನ ತೇಗ ಮತ್ತು ರೈಲಿನ ಸ್ಲೀಪರ್, ಸೌದೆಗಳ ಲೆಕ್ಕವೂ ಅಷ್ಟೇ ಕಾರಣ.

1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರ ನೆನಪಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವಾಗಿ ಉಳಿದ ಮಹಾಕ್ಷಾಮ ಅದು. ಮೈಸೂರು, ಬಳ್ಳಾರಿ, ಕಡಪ, ಕರ್ನೂಲು ಸೀಮೆಗಳಲ್ಲಿ ಮನುಷ್ಯರೂ ದನಗಳೂ ಸಾಲುಸಾಲಾಗಿ ಸತ್ತವು. ಮದ್ರಾಸಿನಲ್ಲಿ ಗಂಜಿಗಾಗಿ ಬಂದ ಜನರ ಕೈಯಲ್ಲಿ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಕಾಲುವೆ ತೋಡಿಸಲಾಯಿತು. ಇಂದು ಎಂಆರ್‌ಟಿಎಸ್ ರೈಲು ಹಾದಿಯ ಕೆಳಗೆ ಕಪ್ಪಗೆ ಹರಿಯುವ ಬಕಿಂಗ್‌ಹ್ಯಾಮ್ ಕಾಲುವೆಯ ಆ ತುಂಡು ಬರಗಾಲದ ಕೂಲಿಯವರ ಶ್ರಮ.

ಉತ್ತರ ವಲಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಬೆಡ್ಡೋಮ್ ಬರೆದದ್ದು ಅದೇ ವರ್ಷ. ಮಳೆ ಇಲ್ಲದ ಬಂಜರಿನಲ್ಲಿ ಬದುಕಬಲ್ಲ, ಬೇಗ ಬೆಳೆದು ಸೌದೆ ಕೊಡಬಲ್ಲ ಈ ಮರದ ಬೀಜವನ್ನು ತರಿಸಿಕೊಡಬೇಕು ಎಂಬುದು ಕೋರಿಕೆಯ ತಿರುಳು. ಕರಿಜಾಲಿ ನಿಧಾನಕ್ಕೆ ಬೆಳೆಯುತ್ತದೆ. ಕಮರ ಇನ್ನೂ ನಿಧಾನ, ಅದು ಚೆನ್ನಾಗಿ ಬೀಜ ಬಿಡುವುದೇ ಮೂರು ನಾಲ್ಕು ವರ್ಷಕ್ಕೊಮ್ಮೆ. ಸೌದೆ ಲೆಕ್ಕ ಹಾಕುವ ಅಧಿಕಾರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಆ ದಿನದ ಒತ್ತಡದಲ್ಲಿ ನೋಡಿದರೆ ಪತ್ರದಲ್ಲಿ ತಪ್ಪು ಹುಡುಕುವುದು ಕಷ್ಟ.

1877ರಲ್ಲಿ ಜಮೈಕಾ ದ್ವೀಪದಿಂದ ಬೀಜ ಬಂತು. ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ನೆಟ್ಟರು. ನಮ್ಮಲ್ಲಿ ಕಮಲಾಪುರ ಎಂದರೆ ಹಂಪಿ ಪಕ್ಕದ ಊರು ನೆನಪಾಗುತ್ತದೆ, ಅದು ಬೇರೆ, ಇದು ಬೇರೆ.

ಒಂದು ಚೀಲ ಬೀಜ, ಸಾವಿರ ವರ್ಷದ ಬೀಜ

ವಂಶವಾಹಿ ಎಂಬ ಮಾತೇ ಆಗ ಹುಟ್ಟಿರಲಿಲ್ಲ. ಮೆಂಡಲ್ ತನ್ನ ಬಟಾಣಿ ಪ್ರಯೋಗಗಳನ್ನು ಪ್ರಕಟಿಸಿದ್ದು 1866ರಲ್ಲಿ, ಬೆಡ್ಡೋಮ್ ಕಾಡು ಸುತ್ತುತ್ತಿದ್ದ ದಿನಗಳಲ್ಲೇ. ಆದರೆ ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಅರಣ್ಯ ಅಧಿಕಾರಿಗಳ ಪಾಲಿಗೆ ಒಂದು ಜಾತಿಯ ಮರ ಎಂದರೆ ಎಲ್ಲ ಕಡೆಯೂ ಅದೇ ಮರ. ಬೀಜ ಯಾವ ಮರದ್ದು, ಎಷ್ಟು ಮರಗಳದ್ದು, ಎಂಥ ಮಣ್ಣಿನದ್ದು ಎಂಬ ಪ್ರಶ್ನೆ ಯಾರಿಗೂ ಏಳುತ್ತಿರಲಿಲ್ಲ.

ಹಳ್ಳಿಯವರಿಗೆ ಮಾತ್ರ ವ್ಯತ್ಯಾಸ ಗೊತ್ತಿತ್ತು. ಕರಿಜಾಲಿಯಲ್ಲೇ ಹಲವು ರೂಪಗಳಿವೆ. ಕೊಡೆಯಂತೆ ಹರಡುವುದು ಒಂದು, ಗಿಡ್ಡ ಕಾಂಡದ್ದು ಒಂದು, ಕೊಂಬೆಗಳನ್ನು ಮೇಲಕ್ಕೆ ಮಡಚಿಕೊಂಡು ಪೊರಕೆಯಂತೆ ನೆಟ್ಟಗೆ ನಿಲ್ಲುವುದು ಇನ್ನೊಂದು. ಈ ಕೊನೆಯದನ್ನು ಉತ್ತರದವರು ರಾಮಕಾಂತಾ ಎನ್ನುತ್ತಾರೆ. ಬೆಳೆಗೆ ನೆರಳು ಬೀಳದ ಕಾರಣ ಬದುವಿನ ಮೇಲೆ ಬಿಡಲು ರೈತರಿಗೆ ಅದೇ ಇಷ್ಟ. ಬಾಬುಲ್ ಒಂದೇ ಎಂದು ಪುಸ್ತಕ ಹೇಳಿದರೂ ಹೊಲದ ಬದುವಿಗೆ ಯಾವುದು, ಕೆರೆಯಂಗಳಕ್ಕೆ ಯಾವುದು ಎಂದು ಆರಿಸುವವರು ಇದ್ದರು.

ಇದಕ್ಕೆ ಚೆಂದದ ಉದಾಹರಣೆ ತಮಿಳುನಾಡಿನ ಕೊಂಗುನಾಡಿನಲ್ಲಿದೆ. ಕಾಂಗೇಯಂ ಹೋರಿಗಳ ಹೆಸರು ಕೇಳದ ಜಲ್ಲಿಕಟ್ಟು ಪ್ರಿಯರು ಇರಲಾರರು. ಆ ದನಗಳು ಮೇಯುವುದು ಕೊರಂಗಾಡು ಎಂಬ ಖಾಸಗಿ ಹುಲ್ಲುಗಾವಲುಗಳಲ್ಲಿ. ಸುತ್ತ ಮುಳ್ಳಿನ ಜೀವಂತ ಬೇಲಿ, ನೆಲದಲ್ಲಿ ಒಣಸೀಮೆಯ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ. ಹುಲ್ಲು ಒಣಗಿದಾಗ ಬಿಳಿಜಾಲಿಯ ಕಾಯಿ ಮೇವಾಗುತ್ತದೆ. ತಿಂದ ದನದ ಸಗಣಿಯಲ್ಲೇ ಬೀಜ ಮತ್ತೆ ಮೊಳೆಯುತ್ತದೆ. ತಲೆಮಾರುಗಳ ಕಾಲ ದನ, ಮರ, ರೈತ ಮೂವರೂ ಒಬ್ಬರನ್ನೊಬ್ಬರು ಆರಿಸಿಕೊಂಡು ಬಂದ ಬೀಜ ಅದು. ಇಂಥ ಸ್ಥಳೀಯ ಬೀಜದಲ್ಲಿ ಒಂದು ಬರ ತಡೆಯುತ್ತದೆ, ಇನ್ನೊಂದು ಚೌಳು ನೆಲ ತಾಳುತ್ತದೆ, ಮತ್ತೊಂದು ಹೆಚ್ಚು ಕಾಯಿ ಬಿಡುತ್ತದೆ. ತಳಿ ವೈವಿಧ್ಯ ಎಂದು ವಿಜ್ಞಾನಿಗಳು ಹೇಳುವುದು ಇದನ್ನೇ.

ಜಮೈಕಾದಿಂದ ಬಂದ ಬೀಜದ ಕಥೆ ತದ್ವಿರುದ್ಧ. ಒಂದು ದ್ವೀಪದ ಬೀಜ, ಒಳ್ಳೆಯ ಮರ ನೋಡಿ ಆರಿಸಿದ್ದೂ ಅಲ್ಲ. ಇದೇ ಬಳಗದಲ್ಲಿ ಮುಳ್ಳು ಕಡಿಮೆ ಇರುವ, ಕಾಯಿ ಸಿಹಿ ಇರುವ, ಕಾಂಡ ನೆಟ್ಟಗೆ ಬೆಳೆಯುವ ಮರಗಳು ಪೆರುವಿನಲ್ಲಿವೆ ಎಂಬುದು ಇಲ್ಲಿ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಸೊಟ್ಟ ಕಾಂಡದ, ಉದ್ದ ಮುಳ್ಳಿನ ಮರವೇ ಊರೂರಿಗೆ ಹಬ್ಬಿತ್ತು.

ಹಬ್ಬಿದ್ದು ಹೇಗೆ ಎಂಬುದರಲ್ಲೇ ಒಂದು ವಿಪರ್ಯಾಸ ಇದೆ. ಇದರ ಎಲೆಯನ್ನು ಆಡೂ ಸರಿಯಾಗಿ ಮುಟ್ಟುವುದಿಲ್ಲ. ಕಾಯಿ ಮಾತ್ರ ಸಿಹಿ, ದನ ಕುರಿ ಆಸೆಯಿಂದ ತಿನ್ನುತ್ತವೆ. ಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಯ ಜತೆ ಬಿದ್ದು ಗೊಬ್ಬರ ಸಮೇತ ಮೊಳೆಯುತ್ತದೆ. ಎಲೆ ಉಳಿಯಿತು, ಬೀಜ ನಡೆಯಿತು. ಕರಿಜಾಲಿಯೂ ಹೀಗೇ ಹರಡುತ್ತದೆ, ಆದರೆ ಅದರ ಚಿಗುರನ್ನು ಆಡು ತಿಂದು ಹದ್ದುಬಸ್ತಿನಲ್ಲಿ ಇಡುತ್ತದೆ. ಹೊಸಬನಿಗೆ ಆ ಕಡಿವಾಣ ಇಲ್ಲ. ಇದರ ದಟ್ಟ ಪೊದೆಯಡಿ ಹುಲ್ಲು ಬೆಳೆಯುವುದಿಲ್ಲ, ಜಾಲಿ, ಬನ್ನಿಯ ಸಸಿಗಳು ತಲೆ ಎತ್ತುವುದಿಲ್ಲ. ಬೇರೆ ಮೇವಿಲ್ಲದೆ ಬರೀ ಈ ಕಾಯಿಯನ್ನೇ ತಿಂದ ದನಗಳಿಗೆ ದವಡೆ, ಹೊಟ್ಟೆಯ ಕಾಯಿಲೆ ಬರುತ್ತದೆ.

ಹಾಗಂತ ಇದನ್ನು ಬರೀ ಖಳನಾಯಕ ಎನ್ನುವುದೂ ಅವಸರದ ಮಾತು. ಬೆಡ್ಡೋಮ್ ಕೇಳಿದ್ದು ಸೌದೆ, ಅದನ್ನು ಮರ ಧಾರಾಳವಾಗಿ ಕೊಟ್ಟಿದೆ. ರಾಮನಾಥಪುರಂ, ಶಿವಗಂಗೈ ಜಿಲ್ಲೆಗಳಲ್ಲಿ ಇದ್ದಿಲು ಸುಟ್ಟು ಬದುಕುವ ಕುಟುಂಬಗಳ ಒಲೆ ಉರಿಯುವುದು ಇದರಿಂದಲೇ. ಬೇರೇನೂ ಬೆಳೆಯದ ಚೌಳು ನೆಲದಲ್ಲಿ ಬಡವರಿಗೆ ಸಿಗುವ ಪುಕ್ಕಟೆ ಉರುವಲೂ ಇದೇ.

ಈ ಎರಡು ಮುಖಗಳ ಜಗಳ ಮದ್ರಾಸ್ ಹೈಕೋರ್ಟಿಗೂ ಬಂತು. 2017ರ ಆರಂಭದಲ್ಲಿ ಮದುರೈ ಪೀಠ ಈ ಮರಗಳನ್ನು ತೆಗೆಯಲು ಗಡುವು ವಿಧಿಸಿತು. ಜೆಸಿಬಿಗಳು ಕೆರೆಗಳಿಗೆ ಇಳಿದವು. ಕೆಲವೇ ತಿಂಗಳಲ್ಲಿ ಚೆನ್ನೈನ ಪೀಠ ತಡೆ ನೀಡಿ, ಮೊದಲು ವೈಜ್ಞಾನಿಕ ಅಧ್ಯಯನ ಆಗಲಿ ಎಂದಿತು. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಪ್ರತ್ಯೇಕ ನೀತಿಯನ್ನೇ ಹೊರಡಿಸಿತು. ಕಿತ್ತ ಜಾಗದಲ್ಲಿ ಸ್ಥಳೀಯ ಮರ ಬೆಳೆಸಬೇಕು ಎಂಬಲ್ಲಿಗೆ ಎಲ್ಲ ಚರ್ಚೆಯೂ ಬಂದು ನಿಲ್ಲುತ್ತದೆ. ಅಲ್ಲಿ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ: ಬೀಜ ಎಲ್ಲಿಯದು? ನರ್ಸರಿಯವರು ರಸ್ತೆ ಬದಿಯ ಒಂದೆರಡು ಜಾಲಿ ಮರದಿಂದ ಬೀಜ ಆಯ್ದು ಸಾವಿರಾರು ಸಸಿ ಮಾಡಿದರೆ, ಅವೆಲ್ಲ ಒಂದೇ ತಾಯಿಯ ಮಕ್ಕಳು. ಒಂದು ರೋಗ, ಒಂದು ಬರ ಎಲ್ಲವನ್ನೂ ಒಟ್ಟಿಗೆ ಹೊಡೆಯಬಹುದು. ಜಮೈಕಾದ ಚೀಲದಲ್ಲಿ ಆದದ್ದು ನಮ್ಮ ಜಾಲಿಯಲ್ಲೇ ಆಗುತ್ತದೆ. ಹಲವು ಊರುಗಳ, ಒಂದಕ್ಕೊಂದು ದೂರದಲ್ಲಿರುವ ಹತ್ತಾರು ಮರಗಳ ಬೀಜ ಬೆರೆಸಬೇಕು ಎಂದು ಅರಣ್ಯ ತಳಿವಿಜ್ಞಾನಿಗಳು ಒತ್ತಿ ಹೇಳುವುದು ಅದಕ್ಕೇ. ಚೆನ್ನೈನ ಅಡ್ಯಾರ್ ಅಳಿವೆಯ ತೊಲ್ಕಾಪ್ಪಿಯ ಪೂಂಗಾದಲ್ಲಿ ಈ ಮರ ತೆಗೆದು ನಾಡಮರಗಳನ್ನು ನೆಟ್ಟು ಬೆಳೆಸಿದ್ದು ಕಣ್ಣ ಮುಂದಿದೆ. ಆದರೆ ನಗರದ ಒಂದು ಉದ್ಯಾನಕ್ಕೆ ಸಸಿ ಹೊಂದಿಸುವುದು ಬೇರೆ, ಕಡಪದಿಂದ ಚಿತ್ರದುರ್ಗದವರೆಗಿನ ಗೋಮಾಳಗಳಿಗೆ ಹೊಂದಿಸುವುದು ಬೇರೆ.

ಲಂಡನ್ನಿನಲ್ಲಿ ಕೊನೆಯ ವರ್ಷಗಳು

ಬೆಡ್ಡೋಮ್ ಇದ್ಯಾವುದನ್ನೂ ನೋಡಲಿಲ್ಲ. 1880ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸದಸ್ಯರಾದರು. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ರೂಪುಗೊಂಡ ವರ್ಷವೇ ಸೇವೆಯಿಂದ ಹೊರಬಂದರು. ಮರುವರ್ಷ ಜರೀಗಿಡಗಳ ಕೈಪಿಡಿ ಪ್ರಕಟಿಸಿದರು. ಭಾರತ, ಸಿಲೋನ್, ಮಲಯ ಸೀಮೆಯ ಜರೀಗಿಡ ಗುರುತಿಸಲು ಅದನ್ನು ಇಂದಿಗೂ ತೆರೆಯುವವರಿದ್ದಾರೆ. 1892ರಲ್ಲಿ ಅದಕ್ಕೊಂದು ಪುರವಣಿ ಸೇರಿಸಿದರು. ಬಸವನಹುಳುಗಳ ಚಿಪ್ಪು ಸಂಗ್ರಹವೂ ನಡೆದೇ ಇತ್ತು. ಹಾವು, ಕಪ್ಪೆ, ಹಲ್ಲಿ, ಗಿಡಗಳ ಹತ್ತಾರು ಜಾತಿಗಳ ವೈಜ್ಞಾನಿಕ ಹೆಸರಿನಲ್ಲಿ ಅವರ ಹೆಸರು ಅಂಟಿಕೊಂಡಿತು. ಬಳ್ಳಾರಿ ಜಾಲಿಯ ಜತೆ ಮಾತ್ರ ಜನ ಅವರನ್ನು ಎಂದೂ ಜೋಡಿಸಲಿಲ್ಲ.

1911ರ ಫೆಬ್ರವರಿ 23ರಂದು ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 80. ಕಮಲಾಪುರಂ ನೆಡುತೋಪಿಗೆ ಆಗ ಮೂವತ್ತು ದಾಟಿತ್ತು. ಎರಡೇ ವರ್ಷಕ್ಕೆ, 1913ರಲ್ಲಿ ಜೋಧಪುರ ಸಂಸ್ಥಾನವೂ ಇದೇ ಮರವನ್ನು ಮರುಭೂಮಿಗೆ ತಂದಿತು. 1940ರಲ್ಲಿ ಅಲ್ಲಿನ ಅರಸರು ಇದಕ್ಕೆ ರಾಜಮರದ ಪಟ್ಟ ಕಟ್ಟಿ, ಕಡಿಯದಂತೆ ರಕ್ಷಣೆ ಕೊಟ್ಟರು. ಅದೇ ಮರುಭೂಮಿಯ ಹೊಲಗಳಲ್ಲಿ ಸಾವಿರಾರು ವರ್ಷದಿಂದ ಒಂಟೆ, ಆಡುಗಳಿಗೆ ಸೊಪ್ಪು ಕೊಡುತ್ತ ನಿಂತಿದ್ದದ್ದು ಖೇಜ್ರಿ, ಅಂದರೆ ದಸರೆಯಂದು ನಾವು ಎಲೆ ಹಂಚಿಕೊಳ್ಳುವ ನಮ್ಮ ಬನ್ನಿ.